ಲಿವರ್ ಹಿಡಿಯುವ ಮೊದಲು: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಶನಿವಾರ ಅಮೆರಿಕದ ಟೆನೆಸ್ಸಿಯ ಪಿಜನ್ ಫೋರ್ಜ್‌ನಲ್ಲಿ ತಮ್ಮನನ್ನು ಮುಂದೆ ಕೂರಿಸಿಕೊಂಡು ಮೌಂಟನ್ ಕೋಸ್ಟರಿನ ಸ್ಲೆಡ್, ಅಂದರೆ ಗುಡ್ಡದ ಹಳಿಯ ಮೇಲೆ ಜಾರುವ ಪುಟ್ಟ ಗಾಡಿ, ಓಡಿಸುವವಳು ನೀನು. ಇಷ್ಟು ದಿನ ಮುಂದೆ ಕೂತು ಕಿರುಚಿದರೆ ಸಾಕಿತ್ತು, ಈ ಸಲ ಬ್ರೇಕಿನ ಎರಡೂ ಲಿವರ್ ನಿನ್ನ ಕೈಯಲ್ಲಿ. ಕಾರಿನಲ್ಲಿ ಹೇಳಿದರೆ ಹಾಡಿನ ಗದ್ದಲದಲ್ಲಿ ಅರ್ಧ ಕಳೆದುಹೋಗುತ್ತೆ. ಅದಕ್ಕೇ ಬರೆದು ಕೊಡುತ್ತಿದ್ದೀನಿ.

ಮೌಂಟನ್ ಕೋಸ್ಟರ್ ಅಂದರೆ ಪಾರ್ಕಿನ ರೋಲರ್ ಕೋಸ್ಟರ್ ಅಲ್ಲ. ಅಲ್ಲಿ ಎಲ್ಲಿ ಎಷ್ಟು ವೇಗ ಅನ್ನೋದನ್ನು ಕಟ್ಟಿದವರೇ ತೀರ್ಮಾನಿಸಿರುತ್ತಾರೆ, ಕೂತವರು ಕೂತಿದ್ದರಾಯಿತು. ಇಲ್ಲಿ ಗುಡ್ಡದ ಇಳಿಜಾರೇ ಎಂಜಿನ್, ಬ್ರೇಕ್ ಕೂತವರ ಕೈಯಲ್ಲಿ. ವೇರ್ಸ್ ವ್ಯಾಲಿ ರಸ್ತೆಯ ಸ್ಮೋಕಿ ಮೌಂಟನ್ ಆಲ್ಪೈನ್ ಕೋಸ್ಟರ್ 2013ರಲ್ಲಿ ಶುರುವಾದದ್ದು, ಹಳಿ ಒಂದು ಮೈಲಿಗೂ ಉದ್ದ. ಅದನ್ನು ಮಾಡಿದ್ದು ಜರ್ಮನಿಯ ವೀಗಾಂಡ್ ಕಂಪನಿ. ಇದಕ್ಕೂ ಮೊದಲು ಬೇಸಿಗೆಯಲ್ಲಿ ಗುಡ್ಡ ಜಾರಲು ಇದ್ದದ್ದು ಆಲ್ಪೈನ್ ಸ್ಲೈಡ್. ಅದರಲ್ಲಿ ಕಾಂಕ್ರೀಟಿನದೋ ಫೈಬರಿನದೋ ತೆರೆದ ದೋಣಿಯೊಳಗೆ, ಅಂದರೆ ಉದ್ದ ಕಾಲುವೆಯಂಥದರೊಳಗೆ, ಸಣ್ಣ ಗಾಡಿ ಜಾರುತ್ತಿತ್ತು. ತಿರುವಿನಲ್ಲಿ ವೇಗ ಮೀರಿದರೆ ಗಾಡಿ ದೋಣಿಯಿಂದ ಹೊರಕ್ಕೆ, ಕೂತವರ ಮೊಣಕೈ ಮೊಣಕಾಲಿನ ಚರ್ಮ ದೋಣಿಗೆ.

ಕೋಸ್ಟರಿನಲ್ಲಿ ಆ ಭಯವಿಲ್ಲ. ಸ್ಲೆಡ್ ಕೂರುವುದು ಎರಡು ಉಕ್ಕಿನ ಕೊಳವೆಗಳ ಮೇಲೆ. ಅದರ ಚಕ್ರಗಳು ಕೊಳವೆಯನ್ನು ಮೇಲಿನಿಂದ, ಪಕ್ಕದಿಂದ, ಕೆಳಗಿನಿಂದ ಹಿಡಿದಿರುತ್ತವೆ. ಎಷ್ಟೇ ಜೋರಾಗಿ ತಿರುಗಿದರೂ ಹಳಿ ಬಿಡುವುದಿಲ್ಲ. ಇದರ ಜೊತೆಗೆ ವೇಗ ಮಿತಿ ಮೀರದ ಹಾಗೆ ಒಳಗೊಂದು ಸೆಂಟ್ರಿಫ್ಯೂಗಲ್ ಬ್ರೇಕ್ ಇದೆ. ಜಾತ್ರೆಯಲ್ಲಿ ರಾಟೆ ಜೋರಾದಂತೆ ತೂಗುಕುರ್ಚಿಗಳು ಹೊರಕ್ಕೆ ಹರಡುತ್ತವಲ್ಲ, ಹಾಗೆಯೇ ಚಕ್ರದ ವೇಗ ಏರಿದಂತೆ ಬ್ರೇಕ್ ಶೂಗಳು ಹೊರಕ್ಕೆ ಹೋಗಿ ಡ್ರಮ್ಮಿಗೆ ಉಜ್ಜುತ್ತವೆ. ಅದು ಇರಲೇಬೇಕು. ಯಾಕೆಂದರೆ ಯಾವ ತಡೆಯೂ ಇಲ್ಲದೆ ಬರೀ 10 ಮೀಟರ್ ಎತ್ತರದಿಂದ ಇಳಿದರೂ ವೇಗ ಗಂಟೆಗೆ 50 ಕಿ.ಮೀ. ಮುಟ್ಟುತ್ತೆ, ಇಲ್ಲಿನ ಗುಡ್ಡ ಅದರ ಎಷ್ಟೋ ಪಟ್ಟು. ಈ ಬ್ರೇಕ್ ಅದನ್ನು ಸುಮಾರು 40ರಲ್ಲಿ, ಅಂದರೆ 25 ಮೈಲಿಯ ಆಸುಪಾಸಿನಲ್ಲಿ ಹಿಡಿದಿಡುತ್ತೆ. ನೆಲಕ್ಕೆ ಹತ್ತಿರ ಕೂತು, ಮರಗಳು ಪಕ್ಕದಲ್ಲೇ ಹಾಯುವುದರಿಂದ ನಿನಗೆ ಮಾತ್ರ ಅದು 80 ಅನ್ನಿಸುತ್ತೆ.

ಹಾಗಾದರೆ ಕೆಡುವುದು ಎಲ್ಲಿ? ಮುಂದಿನ ಸ್ಲೆಡ್ಡಿನ ಹತ್ತಿರ. ನಿನ್ನ ಸ್ಲೆಡ್ ಹಳಿ ಬಿಡದ ಹಾಗೆ ಮಾಡಲು ಎಲ್ಲ ಏರ್ಪಾಡೂ ಇದೆ, ಮುಂದಿನವರಿಗೆ ಗುದ್ದದ ಹಾಗೆ ನೋಡಿಕೊಳ್ಳುವುದು ಮಾತ್ರ ಬಹುತೇಕ ನಿನ್ನದೇ ಕೆಲಸ. ಹಿಂದಿನಿಂದ ಗುದ್ದಿದರೆ ಮುಂದೆ ಕೂತವರ ತಲೆ ಹಿಂದಕ್ಕೆ ಎಗರುತ್ತೆ, ಗುದ್ದಿದವರದು ಮುಂದಕ್ಕೆ. ಎರಡೂ ಕಡೆ ನೋವು ಕತ್ತಿಗೇ.

ಲೆಕ್ಕ ಮಾಡಿ ನೋಡು. 40 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ 11 ಮೀಟರ್. ಮುಂದಿನವರು ನಿಂತದ್ದು ಕಣ್ಣಿಗೆ ಬಿದ್ದು ಕೈ ಲಿವರ್ ಎಳೆಯುವಷ್ಟರಲ್ಲಿ ಒಂದು ಸೆಕೆಂಡ್ ಹೋಗುತ್ತೆ, 11 ಮೀಟರ್ ಅಲ್ಲೇ ಖರ್ಚು. ಇಬ್ಬರ ನಡುವೆ 25 ಮೀಟರ್ ಬಿಟ್ಟಿದ್ದರೆ ಉಳಿದದ್ದು 14. ಅಷ್ಟರಲ್ಲಿ ಪೂರ್ತಿ ನಿಲ್ಲಿಸಬೇಕೆಂದರೆ ಬ್ರೇಕನ್ನು ಗಟ್ಟಿಯಾಗಿಯೇ ಎಳೆಯಬೇಕು, ತಮ್ಮ ಬೆಲ್ಟಿಗೆ ಜೋತುಬೀಳುವಷ್ಟು. ಅಂತರ 15 ಮೀಟರಿಗೆ ಇಳಿದಿದ್ದರೆ ನಿಲ್ಲಿಸಲು ಜಾಗವೇ ಇಲ್ಲ. ಅದಕ್ಕೇ 25 ಮೀಟರ್, ಅಂದರೆ 80 ಅಡಿ ಅನ್ನುವುದನ್ನು ಕಣ್ಣಲ್ಲಿ ಇಟ್ಟುಕೋ. ಐದು ಕಾರು ಸಾಲಾಗಿ ನಿಂತಷ್ಟು ಉದ್ದ. ತಿರುವಿನಲ್ಲಿ ಮರ ಅಡ್ಡ ಬಂದು ಮುಂದಿನವರು ಕಾಣದಿದ್ದರೆ, ಅವರು ಅಲ್ಲೇ ನಿಂತಿದ್ದಾರೆ ಅಂದುಕೊಂಡೇ ತಿರುಗು. ಆಗುಂಬೆ ಘಾಟಿಯಲ್ಲಿ ಒಳ್ಳೆ ಡ್ರೈವರ್ ತಿರುವಿನ ಆಚೆ ಬಸ್ಸಿದೆ ಅಂದುಕೊಂಡೇ ಸ್ಟೀರಿಂಗ್ ತಿರುಗಿಸುವ ಹಾಗೆ.

ಲಿವರ್ ಮುಂದಕ್ಕೆ ತಳ್ಳಿದರೆ ಓಟ, ಹಿಂದಕ್ಕೆ ಎಳೆದರೆ ಬ್ರೇಕ್. ಹೊರಡುವ ಮುಂಚೆ ಸಿಬ್ಬಂದಿ ಒಮ್ಮೆ ಹೇಳಿಕೊಡುತ್ತಾರೆ. ಬೇರೆ ಊರಿನ ಕೋಸ್ಟರಿನಲ್ಲಿ ಬೇರೆ ಥರ ಇರಬಹುದು, ಹಾಗಾಗಿ ಗೊತ್ತಿದ್ದರೂ ಕೇಳಿಸಿಕೋ. ಎರಡೂ ಕೈ ಕೊನೆಯವರೆಗೂ ಲಿವರಿನ ಮೇಲೇ ಇರಲಿ. ಮೊದಲು ಸ್ಲೆಡ್ಡನ್ನು ಗುಡ್ಡ ಹತ್ತಿಸುವ ಕೆಲಸ ಕೇಬಲ್ಲಿನದು, ಆಗ ಬೆನ್ನು ಒರಗಿಸಿ ಕಾಡು ನೋಡು, ತಮ್ಮನ ಬೆಲ್ಟ್ ಇನ್ನೊಮ್ಮೆ ನೋಡು. ತುದಿಯಲ್ಲಿ ಕೇಬಲ್ ಬಿಟ್ಟ ಮೇಲೆ ಮೊದಲ ಇಳಿಜಾರಿನಲ್ಲೇ, ವೇಗ ಏರುವ ಮೊದಲು, ಒಮ್ಮೆ ಬ್ರೇಕ್ ಎಳೆದು ಬಿಡು. ಎಷ್ಟು ಎಳೆದರೆ ಎಷ್ಟು ಹಿಡಿಯುತ್ತೆ ಅನ್ನುವುದು ಕೈಗೆ ಗೊತ್ತಾಗಲಿ. ಇದೊಂದನ್ನು ಮರೀಬೇಡ.

ತಿರುವಿನಲ್ಲಿ ಪಕ್ಕಕ್ಕೆ ನೂಕುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ. 30ರಿಂದ 40ಕ್ಕೆ ಹೋದರೆ ವೇಗ ಮೂರನೇ ಒಂದು ಭಾಗ ಹೆಚ್ಚಿತು, ನೂಕು ಮಾತ್ರ 1.8 ಪಟ್ಟು. ನಿನಗದು ಮಜಾ, ಮುಂದೆ ಕೂತ ಪುಟ್ಟ ದೇಹ ವಾಲಿಬಿಡುತ್ತೆ. ಅದಕ್ಕೇ ತಿರುವಿಗೆ ಮೊದಲೇ ಬ್ರೇಕ್ ಎಳೆ, ಒಳಗೆ ಹೋದ ಮೇಲೆ ಬಿಡು. ಸುರುಳಿ ಸುತ್ತುಗಳಲ್ಲಿ ಇಳಿಜಾರು ಬಿಡುವಿಲ್ಲದೆ ಇರುವುದರಿಂದ ವೇಗ ಗೊತ್ತಾಗದಂತೆ ಏರುತ್ತೆ, ಅಲ್ಲಿ ಆಗಾಗ ಸ್ವಲ್ಪ ಸ್ವಲ್ಪ ಹಿಡಿ. ಇಬ್ಬರ ತೂಕದ ಸ್ಲೆಡ್ ಒಬ್ಬರದಕ್ಕಿಂತ ಬೇಗ ಓಡುತ್ತೆ ಅನ್ನುವುದೂ ನೆನಪಿರಲಿ.

ಇನ್ನೊಂದು ತಪ್ಪು ಹೆದರುವವರದು. ಬ್ರೇಕ್ ಹೆಚ್ಚಾಗಿ ಹಿಡಿದು, ಇಳಿಜಾರು ಕಡಿಮೆ ಇರುವ ಕಡೆ ನಿಂತೇಬಿಡುವುದು. ನಿಂತರೆ ಲಿವರ್ ಪೂರ್ತಿ ಮುಂದಕ್ಕೆ ತಳ್ಳಿ ಇಬ್ಬರೂ ಮುಂದಕ್ಕೆ ಬಾಗಿ. ಆದರೂ ಸರಿಯದಿದ್ದರೆ ಕೈ ಎತ್ತಿ, ಹಿಂದಿನವರಿಗೆ ಕೇಳುವ ಹಾಗೆ ಕೂಗು, ಸಿಬ್ಬಂದಿ ಬರುತ್ತಾರೆ. ಬೆಲ್ಟ್ ಬಿಚ್ಚಿ ಇಳಿಯಲೇಬೇಡ. ಹಳಿ ಎಷ್ಟೋ ಕಡೆ ನೆಲದಿಂದ ಎತ್ತರದಲ್ಲಿರುತ್ತೆ, ಹಿಂದೆ ಇನ್ನೊಂದು ಸ್ಲೆಡ್ ಬರುತ್ತಿರುತ್ತೆ.

ಸಾಲಿನಲ್ಲಿ ನಿಂತಾಗ ನಿನ್ನ ಮುಂದೆ ಯಾರಿದ್ದಾರೆ ನೋಡಿಕೋ. ಸಣ್ಣ ಮಗುವನ್ನು ಕೂರಿಸಿಕೊಂಡವರೋ ಮೊದಲ ಸಲದವರೋ ಆಗಿದ್ದರೆ ಅವರು ನಿಧಾನಕ್ಕೇ ಇಳಿಯುತ್ತಾರೆ. ಹೊರಡಿಸುವವರಿಗೆ "ನಮಗೆ ಸ್ವಲ್ಪ ಜಾಸ್ತಿ ಗ್ಯಾಪ್ ಕೊಡಿ" ಅಂತ ಕೇಳು. ಕೇಳುವುದರಲ್ಲಿ ನಾಚಿಕೆಯೇನೂ ಇಲ್ಲ. ಅದರಿಂದ ನಿನಗೇ ಲಾಭ, ಇಡೀ ದಾರಿ ಬ್ರೇಕ್ ಹಿಡಿದುಕೊಂಡು ಅವರ ಬೆನ್ನು ನೋಡುವ ಬದಲು ಮನಸಾರೆ ಬಿಡಬಹುದು. ಅಕ್ಟೋಬರಿನಲ್ಲಿ ಎಲೆಯ ಬಣ್ಣ ನೋಡಲು ಬರುವ ಜನದಿಂದ ಸಾಲು ಉದ್ದವಾಗುತ್ತೆ, ಅದಕ್ಕೇ ನಾವು ಬೆಳಿಗ್ಗೆ ತೆರೆಯುವ ಹೊತ್ತಿಗೇ ಹೋಗುವುದು. ರಾತ್ರಿ ದೀಪದಲ್ಲಿ ಚೆಂದ, ಆದರೆ ದೂರ ಅಳೆಯಲು ಕಣ್ಣಿಗೆ ಕಷ್ಟ. ಮೊದಲ ಸುತ್ತು ಹಗಲಲ್ಲೇ ಆಗಲಿ.

ಎತ್ತರದ ನಿಯಮ ಒಂದೊಂದು ಕಡೆ ಒಂದೊಂದು. ಮುಂದೆ ಕೂರುವವರಿಗೆ ಕನಿಷ್ಠ 38 ಇಂಚು, ಚಿಕ್ಕವರನ್ನು ಕೂರಿಸಿಕೊಂಡು ಓಡಿಸುವವರಿಗೆ 16 ವರ್ಷ ಅನ್ನುವುದು ಬಹಳ ಕಡೆ ಇದೆ. ಇಬ್ಬರ ಒಟ್ಟು ತೂಕಕ್ಕೂ ಮಿತಿ ಇರುತ್ತೆ. ಟಿಕೆಟ್ ತೆಗೆಯುವ ಮೊದಲೇ ಬೋರ್ಡ್ ಓದೋಣ, ಸಾಲಿನ ಕೊನೆಯಲ್ಲಿ ತಮ್ಮನನ್ನು ಅಳಿಸುವುದು ಬೇಡ.

ಜಡೆ ಹಾಕಿ ಜಾಕೆಟ್ಟಿನ ಒಳಗೆ ಬಿಡು. ದುಪಟ್ಟಾ, ಸ್ಕಾರ್ಫ್, ಹವಾಯಿ ಚಪ್ಪಲಿ ಬೇಡ, ಲೇಸ್ ಬಿಗಿದ ಶೂ ಇರಲಿ. ಕನ್ನಡಕಕ್ಕೆ ಹಿಂದಿನ ಪಟ್ಟಿ ಕಟ್ಟು. ಫೋನ್ ಅಪ್ಪನ ಹತ್ತಿರ. ಬೆಳಗಿನ ಚಳಿಗೆ ಬೆರಳು ಮರಗಟ್ಟಿದರೆ ಲಿವರ್ ಹಿಡಿತ ಸಡಿಲವಾಗುತ್ತೆ, ಅದಕ್ಕೇ ತೆಳು ಗ್ಲೌಸ್ ಬ್ಯಾಗಿನ ಹೊರ ಜೇಬಿನಲ್ಲಿಟ್ಟಿದ್ದೀನಿ. ಹಳಿ ಒದ್ದೆಯಿದ್ದರೆ ಬ್ರೇಕ್ ಹಿಡಿಯುವುದು ತಡ, ಎಳೆಯುವುದು ಇನ್ನೂ ಮುಂಚೆ. ಗುಡುಗು ಕೇಳಿದರೆ ನಿಲ್ಲಿಸಿಬಿಡುತ್ತಾರೆ, ಆಗ ಹಟ ಮಾಡಬೇಡ.

ದಾರಿಯದೂ ಒಂದು ಮಾತು. ಚೆರೋಕಿಯಿಂದ ಗ್ಯಾಟ್ಲಿನ್‌ಬರ್ಗಿಗೆ 441ನೇ ಹೆದ್ದಾರಿಯಲ್ಲಿ ನ್ಯೂಫೌಂಡ್ ಗ್ಯಾಪ್ ಅನ್ನುವ ಘಾಟಿ ದಾಟುತ್ತೀವಿ, ಎತ್ತರ 5,046 ಅಡಿ. ಈ ದಾರಿ ಹಾಯುವ ಗ್ರೇಟ್ ಸ್ಮೋಕಿ ಮೌಂಟನ್ಸ್ ನ್ಯಾಷನಲ್ ಪಾರ್ಕಿನೊಳಗೆ ಪೆಟ್ರೋಲ್ ಸಿಗುವುದಿಲ್ಲ. 15 ನಿಮಿಷಕ್ಕಿಂತ ಹೆಚ್ಚು ನಿಲ್ಲಿಸಿದರೆ ಪಾರ್ಕಿಂಗ್ ಟ್ಯಾಗ್ ಬೇಕು, ದಿನಕ್ಕೆ 5 ಡಾಲರ್. ಇಳಿಯುವಾಗ ಅಪ್ಪ ಲೋ ಗೇರಿಗೆ ಹಾಕುವುದನ್ನು ಗಮನಿಸು. ಬ್ರೇಕ್ ಒತ್ತಿಕೊಂಡೇ ಇಳಿದರೆ ಬಿಸಿಯಾಗಿ ಹಿಡಿತ ಹೋಗುತ್ತೆ. ಆ ತಿರುವುಗಳಲ್ಲಿ ತಮ್ಮನಿಗೆ ವಾಂತಿ ಬರುವುದು ಗೊತ್ತೇ ಇದೆ, ಅವನಿಗೆ ಮಾತ್ರೆ ಕೊಡುತ್ತೀನಿ. ನೀನು ತೆಗೆದುಕೊಳ್ಳಬೇಡ, ಅದು ನಿದ್ದೆಗಣ್ಣು ತರುತ್ತೆ, ಲಿವರ್ ಹಿಡಿಯುವವಳು ನೀನು. ಮೊಸರನ್ನದ ಬುತ್ತಿ ಬಿಚ್ಚುವುದು ಕೋಸ್ಟರ್ ಮುಗಿದ ಮೇಲೆ.

ಕೆಳಗೆ ಬಂದಾಗ ಬ್ರೇಕ್ ಹಾಕಿ ಅನ್ನುವ ಬೋರ್ಡ್ ಕಂಡ ತಕ್ಷಣ ಎಳೆ, ತಾನೇ ನಿಲ್ಲುತ್ತೆ ಅಂತ ಕಾಯಬೇಡ. ಸಿಬ್ಬಂದಿ ಹೇಳಿದ ಮೇಲೆ ಮೊದಲು ತಮ್ಮನ ಬೆಲ್ಟ್ ಬಿಚ್ಚು, ಅವನು ಇಳಿದು ಹಳಿಯಿಂದ ಆಚೆ ಹೋದ ಮೇಲೆ ನಿನ್ನದು. ನಾನು ಗೇಟಿನ ಹತ್ತಿರವೇ ನಿಂತಿರುತ್ತೀನಿ.

ನಿನ್ನ
ಅಮ್ಮ