ನೋವಿಲ್ಲ ಅಂತ ಹನಿ ನಿಲ್ಲಿಸಬೇಡ

ಹಾಸನ

ಚಿ. ಪ್ರವೀಣನಿಗೆ ಅತ್ತೆಯ ಆಶೀರ್ವಾದಗಳು.

ಕಾರ್ನಿಯಾ ಬದಲಿಸುವ ಆಪರೇಷನ್ ಆಗಿ ಎರಡು ವಾರ ತುಂಬಿತು, ಕಣ್ಣು ನೋಯುತ್ತಿಲ್ಲ, ಕಣದ ಕಡೆ ಒಮ್ಮೆ ಹೋಗಿಬರಲಾ ಅಂತ ಕೇಳಿದ್ದೀಯ. ಬೇಡ. ಕಾರಣವನ್ನೂ ಹೇಳುತ್ತೇನೆ, ಬರೀ ಹೆದರಿಸಿದರೆ ನೀನು ಕೇಳುವವನಲ್ಲ.

ಕಾರ್ನಿಯಾ ಅಂದರೆ ಕಣ್ಣಿನ ಮುಂಭಾಗದಲ್ಲಿರುವ, ಸುಮಾರು ಅರ್ಧ ಮಿಲಿಮೀಟರ್ ದಪ್ಪದ ಪದರ. ಅದರೊಳಗೆ ರಕ್ತನಾಳ ಇಲ್ಲ, ಅದಕ್ಕೇ ಅದು ಗಾಜಿನಷ್ಟು ತಿಳಿ. ರಕ್ತ ಓಡಾಡದ ಜಾಗದಲ್ಲಿ ಗಾಯ ಕೂಡಿಕೊಳ್ಳಲು ತಿಂಗಳುಗಟ್ಟಲೆ ಬೇಕು. ಕೈಗೆ ಹಾಕಿದ ಹೊಲಿಗೆಯನ್ನು ಹತ್ತು ದಿನಕ್ಕೆ ಬಿಚ್ಚುತ್ತಾರೆ, ನಿನ್ನ ಕಣ್ಣಿನ ಹೊಲಿಗೆಗಳಲ್ಲಿ ಕೆಲವು ವರ್ಷ ಕಳೆದರೂ ಇರಬಹುದು. ಸದ್ಯಕ್ಕೆ ಹೊಸ ಕಾರ್ನಿಯಾ ನಿಂತಿರುವುದು ಕೂದಲಿಗಿಂತ ತೆಳ್ಳಗಿನ ನೈಲಾನ್ ದಾರದ ಬಲದ ಮೇಲೆ. ಇನ್ನೊಂದು ವಿಷಯ. ಹಳೆಯದನ್ನು ವೃತ್ತಾಕಾರವಾಗಿ ಕತ್ತರಿಸಿ ತೆಗೆದಾಗ ಅಲ್ಲಿನ ನರಗಳೂ ತುಂಡಾಗಿವೆ. ಹೊಸ ಭಾಗಕ್ಕೆ ಸ್ಪರ್ಶ ತಿರುಗಿ ಬರಲು ತುಂಬ ಕಾಲ ಬೇಕು, ಪೂರ್ತಿ ಬಾರದೆಯೂ ಇರಬಹುದು. ಕಣದ ದೂಳು ಅಲ್ಲಿ ಕೂತರೂ ಮೊದಲಿನ ಹಾಗೆ ಚುಚ್ಚಿ ಎಚ್ಚರಿಸುವುದಿಲ್ಲ. ಹಾಗಾಗಿ ನೋವಿಲ್ಲ ಅನ್ನುವುದನ್ನು ವಾಸಿಯಾಯಿತು ಅಂತ ಲೆಕ್ಕ ಹಾಕಬೇಡ.

ಈಗ ಹನಿ ಔಷಧಿ. ಜನ ಎಡವುವುದು ಇಲ್ಲಿಯೇ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ನಿನ್ನ ಚೀಟಿಯಲ್ಲಿ ಈಗ ಪ್ರೆಡ್ನಿಸೊಲೋನ್ ದಿನಕ್ಕೆ ಎಂಟು ಸಲ, ಮಾಕ್ಸಿಫ್ಲಾಕ್ಸಾಸಿನ್ ನಾಲ್ಕು ಸಲ, ಜೊತೆಗೆ ಕಣ್ಣು ಒಣಗದಿರಲು ಕೃತಕ ಕಣ್ಣೀರು ಇದೆ. ಮಾಕ್ಸಿಫ್ಲಾಕ್ಸಾಸಿನ್ ಸೋಂಕಿಗೆ, ಅದನ್ನು ಮೊದಲು ನಿಲ್ಲಿಸುತ್ತಾರೆ. ಪ್ರೆಡ್ನಿಸೊಲೋನ್ ಸ್ಟೀರಾಯ್ಡ್. ಇನ್ನೊಬ್ಬರ ಕಾರ್ನಿಯಾವನ್ನು ನಿನ್ನ ದೇಹ ಪರಕೀಯ ಅಂತ ತಿರಸ್ಕರಿಸದ ಹಾಗೆ ತಡೆಯುತ್ತಿರುವುದು ಅದೇ. ಅದನ್ನು ತಿಂಗಳುಗಟ್ಟಲೆ ನಿಧಾನವಾಗಿ ಇಳಿಸುತ್ತಾ ಬರುತ್ತಾರೆ. ಎಂಟರಿಂದ ಆರು, ಆರರಿಂದ ನಾಲ್ಕು ಅಂತ ಇಳಿಸುವ ತೀರ್ಮಾನ ಡಾಕ್ಟರದ್ದು. ಪೇಟೆಯಲ್ಲಿ ಯಾರೋ ಸ್ಟೀರಾಯ್ಡ್ ಕೆಟ್ಟದ್ದು ಅಂದರು ಅಂತ ನೀನೇ ಬಿಟ್ಟುಬಿಡಬೇಡ. ಅದರಿಂದ ಕೆಲವರಿಗೆ ಕಣ್ಣಿನ ಒತ್ತಡ ಏರುತ್ತದೆ, ಬಹಳ ಕಾಲ ಹಾಕಿದರೆ ಪೊರೆಯೂ ಬರಬಹುದು, ನಿಜ. ಅದಕ್ಕೇ ಪ್ರತಿ ಸಲ ಹೋದಾಗ ಒತ್ತಡ ನೋಡುತ್ತಾರೆ. ಏರಿದರೆ ಅದಕ್ಕೆ ಬೇರೆ ಹನಿ ಇದೆ.

ಹಾಕುವ ಕ್ರಮ ಹೀಗೆ. ಸೋಪಿನಲ್ಲಿ ಕೈ ತೊಳೆದು ಒಣಗಿಸಿಕೊ. ಪ್ರೆಡ್ನಿಸೊಲೋನ್ ಬಾಟಲಿಯನ್ನು ಚೆನ್ನಾಗಿ ಅಲ್ಲಾಡಿಸು. ಅದು ಬಿಳಿ ಪುಡಿ ತೇಲುವ ದ್ರವ, ಪುಡಿ ತಳಕ್ಕೆ ಕೂರುತ್ತದೆ. ಅಲ್ಲಾಡಿಸದೆ ಹಾಕಿದರೆ ಮೊದಲ ವಾರವೆಲ್ಲ ನೀರು ಹಾಕಿದಂತೆ. ತಲೆ ಹಿಂದಕ್ಕೆ ಮಾಡಿ, ಕೆನ್ನೆಯ ಮೂಳೆಯ ಮೇಲೆ ಬೆರಳಿಟ್ಟು ಕೆಳರೆಪ್ಪೆಯನ್ನು ಮೆಲ್ಲಗೆ ಜಾರಿಸು, ಕಣ್ಣುಗುಡ್ಡೆ ಒತ್ತಬೇಡ. ಒಳಗಿನ ಕೆಂಪು ಚೀಲಕ್ಕೆ ಒಂದೇ ಹನಿ. ಎರಡನೆಯದು ಕೆನ್ನೆಗೆ ಹರಿಯುತ್ತದೆ ಅಷ್ಟೆ. ಬಾಟಲಿಯ ತುದಿ ರೆಪ್ಪೆಗೂ ಕೂದಲಿಗೂ ತಾಗಬಾರದು, ತಾಗಿದರೆ ಔಷಧಿಯೇ ಸೋಂಕಿನ ಮನೆ. ಆಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಒಂದೆರಡು ನಿಮಿಷ ಹಗುರವಾಗಿ ಒತ್ತಿ ಹಿಡಿ. ಮುಂದಿನ ಹನಿಗೆ ಹತ್ತು ನಿಮಿಷ ಬಿಡು, ಇಲ್ಲದಿದ್ದರೆ ಎರಡನೆಯದು ಮೊದಲಿನದನ್ನು ತೊಳೆದುಬಿಡುತ್ತದೆ. ಒಂದು ಹೊತ್ತು ಮರೆತರೆ ನೆನಪಾದ ಕೂಡಲೆ ಹಾಕು, ಎರಡನ್ನೂ ಒಟ್ಟಿಗೆ ಹಾಕಿ ಲೆಕ್ಕ ಸರಿಮಾಡಲು ಹೋಗಬೇಡ.

ಐದು ಎಂಎಲ್ ಬಾಟಲಿಯಲ್ಲಿ ಸುಮಾರು ನೂರು ಹನಿ. ದಿನಕ್ಕೆ ಎಂಟರಂತೆ, ಚೆಲ್ಲಿದ್ದೂ ಸೇರಿ, ಹತ್ತು ದಿನ ಬಂದರೆ ಹೆಚ್ಚು. ಮೂಡಿಗೆರೆಯ ಅಂಗಡಿಯಲ್ಲಿ ಯಾವಾಗಲೂ ಸಿಗುತ್ತದೆ ಅಂತ ನಂಬಬೇಡ, ಒಂದು ಬಾಟಲಿ ಮನೆಯಲ್ಲಿ ಸದಾ ಹೆಚ್ಚಿರಲಿ. ಇದೂ ಅದೇ ಅಂತ ಬೇರೆ ಹೆಸರಿನದು ಕೊಟ್ಟರೆ ಡಾಕ್ಟರಿಗೆ ಫೋನ್ ಮಾಡದೆ ತರಬೇಡ. ಸ್ಟೀರಾಯ್ಡ್‌ಗಳಲ್ಲೇ ಬಲದ ವ್ಯತ್ಯಾಸ ಬಹಳ. ತೆರೆದ ದಿನಾಂಕ ಬಾಟಲಿಯ ಮೇಲೆ ಬರೆ, ತಿಂಗಳಾದ ಮೇಲೆ ಉಳಿದಿದ್ದರೂ ಎಸೆ. ಜೀಪಿನ ಡ್ಯಾಶ್‌ಬೋರ್ಡಿನ ಮೇಲೆ ಮಾತ್ರ ಇಡಬೇಡ.

ರಾತ್ರಿ ಪ್ಲಾಸ್ಟಿಕ್ ಶೀಲ್ಡ್ ಕಟ್ಟಿಯೇ ಮಲಗು, ಹಗಲು ಕನ್ನಡಕ. ನಿದ್ದೆಯಲ್ಲಿ ಕೈ ಕಣ್ಣಿಗೆ ಹೋಗುವುದು ನಿನ್ನ ವಶದಲ್ಲಿಲ್ಲ. ಪುಟ್ಟಿಯನ್ನು ಎದೆ ಮೇಲೆ ಮಲಗಿಸಿಕೊಳ್ಳುವುದೂ ಸದ್ಯ ಬೇಡ, ಮಗುವಿನ ಬೆರಳು ಸಾಕು. ದನದ ಕೊಟ್ಟಿಗೆ, ಕೊಂಬು, ಬೈಕು, ಕ್ರಿಕೆಟ್ಟು ಎಲ್ಲ ದೂರ. ಕಾರ್ನಿಯಾವನ್ನು ಪೂರ್ತಿ ದಪ್ಪದಲ್ಲಿ ಬದಲಿಸಿದ ಕಣ್ಣಿಗೆ ಜೋರು ಪೆಟ್ಟು ಬಿದ್ದರೆ ವರ್ಷಗಳಾದ ಮೇಲೂ ಆ ಹೊಲಿಗೆಯ ಗೆರೆ ಬಿಟ್ಟುಕೊಳ್ಳಬಹುದು. ಆದ್ದರಿಂದ ತೋಟಕ್ಕೆ ಇಳಿಯುವ ಕಾಲ ಬಂದಾಗಲೂ ಗಟ್ಟಿ ಪಾಲಿಕಾರ್ಬೊನೇಟ್ ಕನ್ನಡಕ ಇರಲಿ. ತೋಟಕ್ಕೆ ಬೋರ್ಡೋ ಔಷಧಿ ಸಿಂಪಡಿಸುವ ಕೆಲಸ ಈ ವರ್ಷ ಬೇರೆಯವರಿಗೆ ಬಿಡು.

ತಲೆಗೆ ನೀರು ಹಾಕಿಕೊಳ್ಳುವುದು ಡಾಕ್ಟರು ಹೂಂ ಅಂದ ಮೇಲೆ, ಅದೂ ಸಲೂನಿನಲ್ಲಿ ಮಾಡುವಂತೆ ತಲೆ ಹಿಂದಕ್ಕೆ ಚಾಚಿ, ಇನ್ನೊಬ್ಬರ ಕೈಯಲ್ಲಿ. ಬಚ್ಚಲೊಲೆಯ ಹೊಗೆ ಹತ್ತಿರ ನಿಲ್ಲಬೇಡ. ಒಣಮೆಣಸಿನಕಾಯಿ ಹುರಿಯುವಾಗ ಮನೆಯಿಂದಾಚೆ ಇರು, ಸೀನು ಬಂದರೆ ತಡೆಯದೆ ಬಾಯಿ ತೆರೆದು ಸೀನು. ಐದು ಕೆಜಿಗಿಂತ ಹೆಚ್ಚು ಎತ್ತಬೇಡ, ಚಪ್ಪಲಿ ಹುಡುಕುವಾಗಲೂ ಬಗ್ಗದೆ ಕೂತು ಹುಡುಕು. ಊಟಕ್ಕೆ ಪಥ್ಯ ಇಲ್ಲ. ಬದನೆಕಾಯಿ ನಂಜು ಅಂತ ಅತ್ತಿಗೆ ಬಿಡಿಸಿದ್ದರೆ ನನ್ನ ಹೆಸರು ಹೇಳಿ ತಿನ್ನು. ಮಲಬದ್ಧತೆ ಮಾತ್ರ ಆಗಬಾರದು, ತಿಣುಕಿದರೆ ಕಣ್ಣಿಗೂ ಒತ್ತಡ ಬೀಳುತ್ತದೆ. ಸೊಪ್ಪು, ಪಪ್ಪಾಯಿ ತಿನ್ನು.

ನಂದಿಬಟ್ಟಲು ಹೂವಿನ ರಸ, ಎದೆಹಾಲು, ಹರಳೆಣ್ಣೆ, ಜೇನು ಇವುಗಳಲ್ಲಿ ಯಾವುದೂ ಆ ಕಣ್ಣಿನ ಹತ್ತಿರ ಸುಳಿಯಬಾರದು. ಪ್ರೀತಿಯಿಂದಲೇ ಹೇಳುತ್ತಾರೆ, ಗೊತ್ತು. ಆದರೆ ಸ್ಟೀರಾಯ್ಡ್ ಬೀಳುತ್ತಿರುವ ಕಣ್ಣಿಗೆ ಸೋಂಕು ತಡೆಯುವ ಶಕ್ತಿ ಕಡಿಮೆ.

ಪಕ್ಕದ ಮನೆಯವರು ಅಂಗಾತ ಮಲಗಬೇಕು, ಒಳಗೆ ಗಾಳಿಗುಳ್ಳೆ ಬಿಟ್ಟಿರುತ್ತಾರೆ ಅಂದರಂತೆ. ಅದು ಕಾರ್ನಿಯಾದ ಹಿಂಬದಿಯ ಪದರ ಮಾತ್ರ ಹಾಕಿಸಿಕೊಂಡವರಿಗೆ. 2021ರ ಅಕ್ಟೋಬರಿನಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರ ಎರಡು ಕಾರ್ನಿಯಾಗಳನ್ನು ಮುಂದಿನ ಪದರ, ಹಿಂದಿನ ಪದರ ಅಂತ ಬಿಡಿಸಿ ನಾಲ್ಕು ಜನಕ್ಕೆ ಹಾಕಿದ್ದು ನಿನಗೂ ನೆನಪಿರಬೇಕು. ನಿನ್ನ ಕಾರ್ನಿಯಾದ ಕಲೆ ಆಳಕ್ಕೆ ಇಳಿದಿದ್ದರಿಂದ ನಿನಗೆ ಪೂರ್ತಿ ದಪ್ಪದ್ದೇ ಬೇಕಾಯಿತು. ಒಬ್ಬರ ನಿಯಮ ಇನ್ನೊಬ್ಬರಿಗೆ ಹೊಂದುವುದಿಲ್ಲ. ನೀನು ಹೇಗೆ ಬೇಕಾದರೂ ಮಲಗು, ಆ ಕಣ್ಣಿನ ಮಗ್ಗುಲಿಗೆ ಮತ್ತು ಬೋರಲು ಬೇಡ.

ದಿನಾ ಬೆಳಿಗ್ಗೆ ಒಂದು ಪರೀಕ್ಷೆ. ಒಳ್ಳೆಯ ಕಣ್ಣನ್ನು ಅಂಗೈಯಲ್ಲಿ ಮುಚ್ಚಿ, ಅದೇ ಜಾಗದಲ್ಲಿ, ಅದೇ ಬೆಳಕಿನಲ್ಲಿ ನಿಂತು ಗೋಡೆಯ ಕ್ಯಾಲೆಂಡರ್ ನೋಡು. ಇವತ್ತು ಸ್ವಲ್ಪ ತಿಳಿ, ನಾಳೆ ಸ್ವಲ್ಪ ಮಸುಕು ಆಗುವುದು ಸಹಜ. ಹೊಲಿಗೆಯ ಎಳೆತದಿಂದ ಅಕ್ಷರ ಎರಡಾಗಿ ಕಾಣುವುದೂ ಸಹಜ, ಸರಿಯಾದ ಕನ್ನಡಕಕ್ಕೆ ತಿಂಗಳುಗಳು ಬೇಕು. ಆದರೆ ನಿನ್ನೆ ಕಂಡ ಅಂಕಿ ಇವತ್ತು ಕಾಣದೆ ಹೋದರೆ, ಕೆಂಪು ಏರಿದರೆ, ಬೆಳಕು ನೋಡಲಾಗದಿದ್ದರೆ, ಹೊಸದಾಗಿ ನೋವು ಶುರುವಾದರೆ, ನಾಲ್ಕರಲ್ಲಿ ಒಂದಾದರೂ ಸರಿ, ಅದೇ ದಿನ ಹೊರಡು. ತಿರಸ್ಕಾರ ಶುರುವಾದರೂ ಬೇಗ ಹಿಡಿದರೆ ಹನಿ ಹೆಚ್ಚಿಸಿ ತಿರುಗಿಸಬಹುದು, ತಡವಾದರೆ ಕಾರ್ನಿಯಾದ ಒಳಪದರದ ಜೀವಕೋಶಗಳು ಸಾಯುತ್ತವೆ, ಅವು ಮತ್ತೆ ಹುಟ್ಟುವುದಿಲ್ಲ. ಮದ್ರಾಸ್ ಐ ಇರಬೇಕು ಅಂತ ಅಂಗಡಿಯಲ್ಲಿ ಹನಿ ಕೇಳಿ ಎರಡು ದಿನ ಕಾಯುವವರೇ ಹೆಚ್ಚು. ಏನೋ ಚುಚ್ಚಿದಂತಾದರೆ ಹೊಲಿಗೆ ಸಡಿಲಾಗಿರಬಹುದು. ಅಲ್ಲಿ ಕೀವು ಕಟ್ಟುವ ಮೊದಲು ತೆಗೆಸಬೇಕು. ಕಣ್ಣಿನಿಂದ ಬಿಸಿನೀರು ಸುರಿದ ಹಾಗಾಗಿ ದೃಷ್ಟಿ ತಟ್ಟನೆ ಇಳಿದರೆ ಗಾಯ ಸೋರುತ್ತಿರಬಹುದು, ಶೀಲ್ಡ್ ಕಟ್ಟಿ, ಒತ್ತದೆ, ರಾತ್ರಿಯಾದರೂ ಹೊರಡಬೇಕು.

ಕಣ್ಣನ್ನು ದೊಡ್ಡದಾಗಿ ತೋರಿಸುವ ಸ್ಲಿಟ್ ಲ್ಯಾಂಪ್ ಯಂತ್ರ ಇರುವ ಕಣ್ಣಿನ ಡಾಕ್ಟರೇ ನೋಡಬೇಕು. ಬೆಂಗಳೂರಿನ ಆಸ್ಪತ್ರೆಗೆ ಫೋನ್ ಮಾಡಿ, ಆಗದಿದ್ದರೆ ನೇರ ಹಾಸನಕ್ಕೆ ಬಾ, ನಾನು ಬಸ್‌ಸ್ಟ್ಯಾಂಡಿಗೆ ಬರುತ್ತೇನೆ. ಡಿಸ್ಚಾರ್ಜ್ ಚೀಟಿ ಮತ್ತು ಈಗ ಹಾಕುತ್ತಿರುವ ಎಲ್ಲ ಬಾಟಲಿಗಳು ಒಂದೇ ಚೀಲದಲ್ಲಿ ಬಾಗಿಲ ಹಿಂದೆ ನೇತಾಡುತ್ತಿರಲಿ ಅಂತ ಶೈಲಾಗೆ ಹೇಳು.

ಇಂತಿ,
ನಿನ್ನ ಅತ್ತೆ