ಜಾರ್ ಹಿಡಿಯಲು ಕಲಿಸಿದವರಿಗೆ

ಕಳೆದ ತಿಂಗಳ ಕೊನೆಗೆ ನಿವೃತ್ತನಾದೆ. 1989ರಲ್ಲಿ ತೈಲ ಕಂಪನಿಗೆ ಟ್ರೈನಿ ಆಫೀಸರ್ ಆಗಿ ಸೇರಿದವನು, ಜನರಲ್ ಮ್ಯಾನೇಜರ್ ಆಗಿ ಹೊರಬಂದೆ. ಬೀಳ್ಕೊಡುಗೆಯ ದಿನ ಶಾಲು ಹೊದಿಸಿ ತುಂಬಾ ಒಳ್ಳೆಯ ಮಾತಾಡಿದರು. ನನ್ನ ಸರದಿ ಬಂದಾಗ ಗಂಟಲು ಕಟ್ಟಿತು. ನೆನೆಯಬೇಕಾದವರಲ್ಲಿ ಅರ್ಧ ಜನರನ್ನು ನೆನೆಯಲೇ ಇಲ್ಲ. ಅದಕ್ಕೇ ಈ ಬರಹ.

ಮೊದಲ ಪೋಸ್ಟಿಂಗ್ ಹುಬ್ಬಳ್ಳಿ ಕಡೆಯ ಡಿಪೋ. ಇಂಜಿನಿಯರಿಂಗ್ ಓದಿದ್ದೆ, ಎಣ್ಣೆಯ ಸಾಂದ್ರತೆ (ಡೆನ್ಸಿಟಿ) ಅಳೆಯುವ ಹೈಡ್ರೋಮೀಟರ್ ನೋಡಲು ಬರುತ್ತಿರಲಿಲ್ಲ. ಒಂದು ಬೆಳಿಗ್ಗೆ ಅಲ್ಲಿನ ಹಿರಿಯ ಆಪರೇಟರ್ ನನ್ನ ಕೈಯಿಂದ ಡೀಸೆಲ್ ಜಾರ್ ತಗೊಂಡು ಗೋಡೆಯ ಮರೆಗೆ ಇಟ್ಟರು. "ಸಾಹೇಬ್ರ, ಗಾಳ್ಯಾಗ ಇಡಬ್ಯಾಡ್ರಿ. ಗುಳ್ಳಿ ಹೋಗೂತನಕ ತಡೀರಿ. ಕಣ್ಣು ಎಣ್ಣಿ ಮಟ್ಟಕ್ಕ ತರ್ರಿ, ಮ್ಯಾಲಿಂದ ನೋಡಿದ್ರ ಅದು ಸುಳ್ಳ ಹೇಳ್ತೈತಿ" ಅಂದರು. ಮಂಡಿಯೂರಿ ನೋಡಿದೆ. ತೇಲುವ ಗಾಜಿನ ಕಡ್ಡಿ ನಿಧಾನವಾಗಿ ನಿಂತಿತು.

ಅದು ತೋರಿಸುವ ಸಾಂದ್ರತೆಯ ಅಂಕಿಯನ್ನು 15 ಡಿಗ್ರಿ ಸೆಲ್ಸಿಯಸ್ ಉಷ್ಣತೆಗೆ ಲೆಕ್ಕ ಹಾಕಿ ಚಲನ್ ಮೇಲೆ ಬರೆಯುತ್ತೇವೆ. ಬಂಕಿನಲ್ಲಿ ಮತ್ತೆ ಅಳೆಯುತ್ತಾರೆ. ಲೀಟರಿಗೆ 3 ಗ್ರಾಂಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಲೋಡ್ ಇಳಿಸುವಂತಿಲ್ಲ. ಸೇರಿದ ಆರನೇ ತಿಂಗಳಲ್ಲಿ ನಾನು 0.8340 (ಅಂದರೆ ಲೀಟರಿಗೆ 834 ಗ್ರಾಂ) ಅಂತ ಬರೆಯಬೇಕಾದಲ್ಲಿ 0.8430 ಅಂತ ಬರೆದೆ. ಬಂಕಿನಲ್ಲಿ ಅಳತೆ ಕಡಿಮೆ ಬಂತು. ದಾರಿಯಲ್ಲಿ ಡೀಸೆಲ್‌ಗಿಂತ ಹಗುರವಾದ ಸೀಮೆಎಣ್ಣೆ ಬೆರೆಸಿದ್ದಾನೆ ಅಂತ ಡ್ರೈವರ್‌ನನ್ನು ರಾತ್ರಿಯಿಡೀ ಕೂರಿಸಿದರು. ಬೆಳಿಗ್ಗೆ ಅದೇ ಆಪರೇಟರ್ ರಿಜಿಸ್ಟರ್ ತೆಗೆದು ನನ್ನ ತಪ್ಪನ್ನು ನನಗೇ ತೋರಿಸಿದರು. ನಾನೇ ಹೋಗಿ ಕ್ಷಮೆ ಕೇಳಿದೆ. ಆ ಡ್ರೈವರ್ ಅಣ್ಣ ಜಗಳ ಮಾಡಲಿಲ್ಲ. "ಮಕ್ಕಳಿಗೆ ಗೊತ್ತಾಗೋ ಮುಂಚೆ ಬಂದ್ರಲ್ಲ ಸರ್, ಸಾಕು" ಅಂದರು. ಆಮೇಲೆ ಮೂವತ್ತು ವರ್ಷಕ್ಕೂ ಜಾಸ್ತಿ ಕಾಲ, ಸಹಿ ಹಾಕುವ ಮುಂಚೆ ಅಂಕಿಗಳನ್ನು ಎರಡು ಸಲ ಓದಿದ್ದೇನೆ. ಅಣ್ಣಾ, ನೀವು ಎಲ್ಲೇ ಇರಿ, ನಿಮಗೆ ನನ್ನ ನಮಸ್ಕಾರ.

2003ರಲ್ಲಿ ಮಂಗಳೂರಿನಿಂದ ಹಾಸನದ ಮೇಲೆ ಬೆಂಗಳೂರು ಹತ್ತಿರದ ದೇವನಗೊಂದಿವರೆಗೆ, ಸುಮಾರು 360 ಕಿ.ಮೀ. ಪೈಪ್‌ಲೈನ್ ಶುರುವಾಯಿತು. ಒಂದೇ ಪೈಪಿನಲ್ಲಿ ಡೀಸೆಲ್, ಅದರ ಹಿಂದೆಯೇ ಅದಕ್ಕಿಂತ ಹಗುರವಾದ ಪೆಟ್ರೋಲ್. ನಡುವೆ ಬೆರೆತ ಭಾಗವನ್ನು ಸರಿಯಾದ ಕ್ಷಣಕ್ಕೆ ಬೇರೆ ಟ್ಯಾಂಕಿಗೆ ತಿರುಗಿಸಬೇಕು. ಮಧ್ಯರಾತ್ರಿ ಡೆನ್ಸಿಟಿ ಮೀಟರ್ ಮೇಲೆ ಕಣ್ಣಿಟ್ಟು, ಅಂಕಿ ಇಳಿಯಲು ಶುರುವಾದ ಕೂಡಲೇ ವಾಲ್ವ್ ಬದಲಿಸುತ್ತಿದ್ದ ಶಿಫ್ಟ್ ಹುಡುಗರೇ, ನೀವು ಎಚ್ಚರ ಇದ್ದಿರಿ ಅಂತ ನಾನು ನಿದ್ದೆ ಮಾಡಿದೆ.

2020ರ ಮಾರ್ಚ್ ಅಂತೂ ಮರೆಯಲಾರೆ. ಏಪ್ರಿಲ್ 1ಕ್ಕೆ ದೇಶವೇ ಬಿಎಸ್-6 ಅನ್ನುವ, ಹೊಗೆಯ ಮಾಲಿನ್ಯ ಕಡಿಮೆ ಮಾಡುವ ಮಾನದಂಡದ ಇಂಧನಕ್ಕೆ ಬದಲಾಗಬೇಕಿತ್ತು. ಇಂಧನದಲ್ಲಿನ ಗಂಧಕ 50 ಪಿಪಿಎಂನಿಂದ (ಹತ್ತು ಲಕ್ಷದಲ್ಲಿ 50 ಭಾಗದಿಂದ) 10ಕ್ಕೆ ಇಳಿಯಬೇಕು. ಅಷ್ಟರಲ್ಲಿ ಲಾಕ್‌ಡೌನ್. ಪೆಟ್ರೋಲ್ ಕೇಳುವವರಿಲ್ಲ, ಸಿಲಿಂಡರ್‌ಗೆ ಮಾತ್ರ ಬೇಡಿಕೆ ಜಾಸ್ತಿ. ದಾರಿಯಲ್ಲಿ ಒಂದು ಹೋಟೆಲೂ ತೆರೆದಿರಲಿಲ್ಲ, ಆದರೂ ಡ್ರೈವರ್‌ಗಳು ಗಾಡಿ ನಿಲ್ಲಿಸಲಿಲ್ಲ. ನಮ್ಮ ಟರ್ಮಿನಲ್ ಪಕ್ಕದ ಊರಿನ ಹೆಣ್ಣುಮಕ್ಕಳು ದಿನಾ ಚಿತ್ರಾನ್ನ ಕಟ್ಟಿ ಗೇಟಿನ ಹತ್ತಿರ ಇಟ್ಟು ಹೋಗುತ್ತಿದ್ದರು. ಯಾರೂ ಹೇಳಿ ಮಾಡಿಸಿದ್ದಲ್ಲ. ಅಮ್ಮಂದಿರೇ, ಆ ಪೊಟ್ಟಣ ನಾನೂ ತಿಂದಿದ್ದೇನೆ.

ಮನೆಯವಳಿಗೆ ಏನು ಹೇಳಲಿ? ಹನ್ನೊಂದು ಸಲ ಮನೆ ಬದಲಾಯಿಸಿದೆವು. ಪ್ರತಿ ಸಲವೂ ತುಳಸಿ ಕುಂಡವನ್ನು ಲಾರಿಗೆ ಹಾಕದೆ ತೊಡೆಯ ಮೇಲೆ ಇಟ್ಟುಕೊಂಡು ಬಂದಳು. ಆ ಗಿಡದ ಬೀಜದಿಂದ ಬಂದ ಸಸಿ ಈಗ ಮೈಸೂರಿನ ಮನೆ ಮುಂದಿದೆ.

ಹುಬ್ಬಳ್ಳಿಯ ಆ ಆಪರೇಟರ್ ಅವರ ನಂಬರ್ ಮೊನ್ನೆ ಸಿಕ್ಕಿತು. ವಯಸ್ಸು ಎಂಬತ್ತು ದಾಟಿದೆ. ಫೋನಿನಲ್ಲಿ ನನ್ನ ಗುರುತು ಹತ್ತಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ, "ಆ ಡ್ರೈವರ್ ಕಡೆ ಹೋಗಿ ಬಂದ ಸಾಹೇಬ್ರು ನೀವೇ ಹೌದಲ್ರಿ?" ಅಂದರು. ಬರುವ ಭಾನುವಾರ ನಾನೂ ಮನೆಯವಳೂ ಅವರ ಮನೆಗೆ ಹೋಗುತ್ತಿದ್ದೇವೆ.