ಸೋರೆಬುರುಡೆ ಇಲ್ಲದೆ ಈಜುವವು

ಗೆಳೆಯಾ,

ನಿನ್ನ ಮಗ ನೀರು ಕಂಡರೆ ಹಿಂದೆ ಸರಿಯುತ್ತಾನೆ, ಈಜು ರಕ್ತದಲ್ಲೇ ಇರಬೇಕೇನೋ ಅಂತ ನೀನು ಬರೆದಿದ್ದೆ. ಹಾಗೇನೂ ಇಲ್ಲ ಮಾರಾಯ. ನಮ್ಮಿಬ್ಬರ ಬೆನ್ನಿಗೂ ಒಣ ಸೋರೆಬುರುಡೆ ಕಟ್ಟಿ ತೋಟದ ಬಾವಿಗೆ ಇಳಿಸಿದ್ದು ನೆನಪಿದೆ ಅಲ್ವಾ? ಅದನ್ನು ಬಿಚ್ಚಿ ಈಜಲು ಇಡೀ ಬೇಸಿಗೆ ಬೇಕಾಯಿತು.

ಕಲಿಯದೆಯೇ ಈಜುವವು ನಮ್ಮ ಕರುಳಿನಲ್ಲೇ ಇವೆ. ಇ. ಕೋಲಿ ಬ್ಯಾಕ್ಟೀರಿಯಾ. ಹೋದ ವಾರ ಕಾಲೇಜಿನ ಲ್ಯಾಬಿನಲ್ಲಿ ಗಾಜಿನ ಮೇಲೆ ಒಂದು ಹನಿ ಇಟ್ಟು ಮೈಕ್ರೋಸ್ಕೋಪಿನಲ್ಲಿ ನೋಡುತ್ತ ಕೂತವನಿಗೆ ಊಟದ ಹೊತ್ತು ಮೀರಿದ್ದೇ ಗೊತ್ತಾಗಲಿಲ್ಲ. ನೇರ ಓಡುತ್ತದೆ, ಗಕ್ಕನೆ ನಿಂತು ಹೊರಳುತ್ತದೆ, ಆಮೇಲೆ ಇನ್ಯಾವುದೋ ದಿಕ್ಕಿಗೆ ಓಟ. ಓಟ ಸುಮಾರು 1 ಸೆಕೆಂಡು, ಹೊರಳಾಟ ಅದರಲ್ಲಿ ಹತ್ತನೇ ಒಂದು ಪಾಲು.

ಮೈಮೇಲೆ ನೂಲಿನಂಥ ಕೆಲವು ಬಾಲಗಳಿವೆ. ಅವು ಮೀನಿನ ಬಾಲದ ಹಾಗೆ ಬೀಸುವುದಿಲ್ಲ, ಬುಡದ ಮೋಟಾರಿನಿಂದ ಸೆಕೆಂಡಿಗೆ ನೂರಕ್ಕೂ ಜಾಸ್ತಿ ಸುತ್ತು ತಿರುಗುತ್ತವೆ. 1974ರಲ್ಲಿ ಸಿಲ್ವರ್‌ಮನ್ ಮತ್ತು ಸೈಮನ್ ಎಂಬ ವಿಜ್ಞಾನಿಗಳು ಬಾಲವನ್ನು ಗಾಜಿಗೆ ಅಂಟಿಸಿ ನೋಡಿದರು. ಬಾಲ ಅಲ್ಲಾಡಲಿಲ್ಲ, ಇಡೀ ಮೈಯೇ ಗಿರಗಿರ ಸುತ್ತಿತು! ಮೋಟಾರು ಒಂದು ಕಡೆಗೆ ಸುತ್ತಿದಾಗ ಬಾಲಗಳೆಲ್ಲ ಜಡೆಯ ಹಾಗೆ ಒಟ್ಟಾಗಿ ಮುಂದೆ ತಳ್ಳುತ್ತವೆ. ಉಲ್ಟಾ ಸುತ್ತಿದರೆ ಜಡೆ ಬಿಚ್ಚುತ್ತದೆ, ಆಗಲೇ ಹೊರಳಾಟ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮುಂದಿನ ಮಾತು. ಬೇಕಾದ ಕಡೆಗೆ ಹೊರಳಲು ಅದಕ್ಕೆ ಬರುವುದೇ ಇಲ್ಲ. ಈಗಿನ ರುಚಿಯನ್ನು ಕೆಲವೇ ಸೆಕೆಂಡಿನ ಹಿಂದಿನ ರುಚಿಯ ಜೊತೆ ಹೋಲಿಸುತ್ತದೆ. ತಿನಿಸು ಹೆಚ್ಚುತ್ತಿದ್ದರೆ ಹೊರಳುವುದನ್ನು ಸ್ವಲ್ಪ ತಡಮಾಡುತ್ತದೆ. ಅಷ್ಟರಲ್ಲೇ ಊಟದ ಹತ್ತಿರ ಬಂದು ಸೇರುತ್ತದೆ. ಮಿದುಳಿಲ್ಲ, ನರವಿಲ್ಲ, ಒಂದೇ ಒಂದು ಜೀವಕೋಶ ನೋಡು.

ಇಲ್ಲಿ ಮಾತ್ರ ನೀನು ಹೇಳಿದ್ದು ನಿಜ, ಈಜು ಜೀನಿನಲ್ಲೇ ಇದೆ. ಕೀ-ವೈ ಎಂಬ ಜೀನಿನ ಪ್ರೋಟೀನು ಮೋಟಾರಿಗೆ ಅಂಟಿದರೆ ಸುತ್ತು ಉಲ್ಟಾ ಆಗುತ್ತದೆ. ಆ ಜೀನು ತೆಗೆದರೆ ಬ್ಯಾಕ್ಟೀರಿಯಾ ಹೊರಳದೆ ಸುಮ್ನೆ ಓಡುತ್ತಲೇ ಇರುತ್ತದೆ, ಪಕ್ಕದಲ್ಲಿ ಊಟವಿದ್ದರೂ ದಾಟಿ ಹೋಗುತ್ತದೆ. ಕೀ-ಜೆಡ್ ಎಂಬ ಇನ್ನೊಂದು ಜೀನು ತೆಗೆದರೆ ಹೊರಳಾಟವೇ ಜಾಸ್ತಿ, ಮುಂದೆ ಹೋಗುವುದೇ ಕಷ್ಟ.

ಬೇಸಿಗೆ ರಜೆಗೆ ಮಗನನ್ನು ಕರೆದುಕೊಂಡು ಬಾ. ಮೊದಲು ಆ ಹನಿ ತೋರಿಸುತ್ತೇನೆ, ಆಮೇಲೆ ಬಾವಿ. ಬುರುಡೆ ಇನ್ನೂ ಅಟ್ಟದ ಮೇಲಿದೆ.

ನಿನ್ನ ಗೆಳೆಯ